ಮನೆಯೂ ಪಾಠಶಾಲೆಯೂ: ಐದನೆಯ ಗುಂಡಿ

ಹೋದ ಬೇಸಗೆಯ ರಜೆಗೆ ಸ್ವಲ್ಪ ಮುಂಚೆ, ಸಮೀಪದ ಪಟ್ಟಣವೊಂದರಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗಾಗಿ ನಡೆಯುತ್ತಿರುವ ಒಂದು ವಿಶೇಷ ಶಾಲೆಯನ್ನು ನೋಡುವ ಅವಕಾಶ ನಮಗೆ ದೊರೆಯಿತು. ಅಲ್ಲಿ ನಮ್ಮಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವೆಲ್ಲ ಆ ತಪ್ಪಿನಿಂದಲೇ ಹುಟ್ಟಿತು.

ಸಂಜೆ, ಮಕ್ಕಳು ಮನೆಗೆ ಹೊರಡುವ ಹೊತ್ತು. ಬಣ್ಣದ ಕೆಲಸಕ್ಕೆಂದು ತೊಟ್ಟಿದ್ದ ಹಳೆಯ ಅಂಗಿಗಳನ್ನು ಕಳಚಿ, ತಮ್ಮ ತಮ್ಮ ಅಂಗಿಗಳನ್ನು ಹಾಕಿಕೊಳ್ಳುತ್ತಿದ್ದರು. ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗನ ಅಂಗಿಗೆ ಐದು ಗುಂಡಿಗಳು. ಉಪಾಧ್ಯಾಯಿನಿಯವರು ನಾಲ್ಕನ್ನು ತಾವೇ ಹಾಕಿ, ಐದನೆಯದನ್ನು ಕಾಜದೊಳಕ್ಕೆ ಅರ್ಧ ತೂರಿಸಿ, ಅಷ್ಟಕ್ಕೇ ಬಿಟ್ಟು ಬೇರೊಂದು ಮಗುವಿನ ಕಡೆಗೆ ತಿರುಗಿದರು. ಹುಡುಗನು ಆ ಗುಂಡಿಯನ್ನೇ ನೋಡುತ್ತ ನಿಂತನು. ಅವನ ಬೆರಳು ಅದರ ಬಳಿಗೆ ಹೋಗುವುದು, ಜಾರುವುದು, ಮತ್ತೆ ಹೋಗುವುದು. ನಮಗೆ ತಡೆಯಲಾಗಲಿಲ್ಲ. ಪಾಪ, ಕೆಲಸದ ಗಡಿಬಿಡಿಯಲ್ಲಿ ಉಪಾಧ್ಯಾಯಿನಿಯವರು ಮರೆತರೆಂದುಕೊಂಡು, ಬಗ್ಗಿ, ಗುಂಡಿಯನ್ನು ಎಳೆದು ಹಾಕಿ, ಅವನ ಬೆನ್ನು ತಟ್ಟಿದೆವು.

ಅವರು ತಿರುಗಿ ನೋಡಿದವರೇ, "ಅಯ್ಯೋ, ಅದು ಅವನ ಗುಂಡಿ!" ಎಂದರು.

ಆ ಮಾತಿನ ಅರ್ಥ ನಮಗೆ ಆಗ ತಿಳಿಯಲಿಲ್ಲ. ಮಕ್ಕಳು ಹೊರಟುಹೋದ ಮೇಲೆ ಅವರು ಸಾವಧಾನವಾಗಿ ವಿವರಿಸಿದರು. ಮೂರು ವಾರಗಳಿಂದ ಆ ಹುಡುಗನಿಗೆ ಕಲಿಸುತ್ತಿದ್ದುದು ಆ ಒಂದೇ ಕೆಲಸ: ಅರ್ಧ ತೂರಿಸಿಟ್ಟ ಗುಂಡಿಯನ್ನು ಆಚೆಯಿಂದ ಹಿಡಿದು ಎಳೆಯುವುದು. ಹಿಂದಿನ ಎರಡು ದಿನ ಅವನು ಯಾರ ನೆರವೂ ಇಲ್ಲದೆ ಅದನ್ನು ಮಾಡಿದ್ದನು. ಅಂದು ಮೂರನೆಯ ದಿನವಾಗಬೇಕಾಗಿತ್ತು. ಉಪಾಧ್ಯಾಯಿನಿಯವರು ಬೇರೆ ಕಡೆಗೆ ತಿರುಗಿದ್ದು ಮರೆವಿನಿಂದಲ್ಲ, ಬೇಕೆಂದೇ.

ಸಹಾಯ ಮಾಡುವುದನ್ನು ಲೋಕವೆಲ್ಲ ಬಲ್ಲದು. ಮಾಡುತ್ತಿರುವ ಸಹಾಯವನ್ನು ಅಳೆದು, ದಿನದಿನಕ್ಕೆ ಕಡಿಮೆಮಾಡಿ, ಕಡೆಗೊಂದು ದಿನ ಇಲ್ಲವೆನ್ನಿಸುವುದನ್ನು ಬಲ್ಲವರು ಕೆಲವರೇ. ವಿಶೇಷ ಶಿಕ್ಷಕರ ಕಸುಬಿನ ತಿರುಳು ಇದೇ ಎಂದು ನಮಗೆ ತೋರಿತು. ಇದನ್ನು ಶಾಲೆಯವರು ಮಾತ್ರ ತಿಳಿದು, ಮನೆಯವರು ತಿಳಿಯದೆ ಹೋದರೆ, ಹಗಲು ಕಟ್ಟಿದ ಗೋಡೆಯನ್ನು ರಾತ್ರಿ ಕೆಡವಿದಂತಾಗುವುದು. ಆದುದರಿಂದಲೇ ಈ ಸಂಗತಿಯನ್ನು ಗೃಹಸ್ಥರು ಓದುವ ಈ ಪುಟಗಳಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೆಲಸವನ್ನು ಬಿಡಿಸಿ ನೋಡುವ ಬಗೆ. 'ಕೈ ತೊಳೆದುಕೊ' ಎಂಬುದು ನಮಗೆ ಒಂದು ಮಾತು, ಒಂದು ಕೆಲಸ. ನಿಧಾನವಾಗಿ ಕಲಿಯುವ ಮಗುವಿಗೆ ಅದು ಎಂಟು ಕೆಲಸಗಳು: ನಲ್ಲಿಯನ್ನು ತಿರುಗಿಸುವುದು, ಕೈ ಒದ್ದೆಮಾಡಿಕೊಳ್ಳುವುದು, ಸಾಬೂನು ಹಚ್ಚುವುದು, ಅಂಗೈ ಉಜ್ಜುವುದು, ಮುಂಗೈ ಉಜ್ಜುವುದು, ನೊರೆ ಹೋಗುವಂತೆ ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು. ಈ ಪಟ್ಟಿಯನ್ನು ಕುರ್ಚಿಯ ಮೇಲೆ ಕುಳಿತು ಊಹೆಯಿಂದ ಬರೆಯಲಾಗದು. ಉಪಾಧ್ಯಾಯರು ತಾವೇ ಎದ್ದುಹೋಗಿ, ನಿಧಾನವಾಗಿ ಕೈ ತೊಳೆದು, ಒಂದೊಂದು ಚಲನೆಯನ್ನೂ ಬರೆದುಕೊಳ್ಳಬೇಕು. ನಾವು ಅಲ್ಲಿಯೇ ಕುಳಿತು ಒಂದು ಪಟ್ಟಿ ಬರೆದು ತೋರಿಸಿದೆವು. ನಲ್ಲಿ ನಿಲ್ಲಿಸುವುದನ್ನು ಬಿಟ್ಟಿದ್ದೆವು! ಮಗುವೂ ಬಿಟ್ಟರೆ ಅದರ ತಪ್ಪೇನು?

ಇನ್ನೊಂದು ಸೂಕ್ಷ್ಮವೂ ಉಂಟು. ಶಾಲೆಯಲ್ಲಿ ನಲ್ಲಿ, ಅನೇಕ ಮನೆಗಳಲ್ಲಿ ನೀರು ತೊಟ್ಟಿಯಲ್ಲಿಯೋ ಡ್ರಮ್ಮಿನಲ್ಲಿಯೋ ಇರುವುದು, ಚೊಂಬಿನಿಂದ ಹುಯ್ದುಕೊಳ್ಳಬೇಕು. ನಲ್ಲಿಯ ಕೆಳಗೆ ಎರಡು ಕೈಯನ್ನೂ ಉಜ್ಜಲು ಕಲಿತ ಮಗು, ಒಂದು ಕೈಯಲ್ಲಿ ಚೊಂಬು ಹಿಡಿದಾಗ ದಿಕ್ಕು ತೋಚದೆ ನಿಲ್ಲುವುದು. "ಶಾಲೆಯಲ್ಲಿ ಕಲಿತಿದ್ದಾನೆ ಎನ್ನುತ್ತಾರೆ, ಮನೆಯಲ್ಲಿ ಏನೂ ಮಾಡುವುದಿಲ್ಲ" ಎಂದು ತಾಯಿ, "ಶಾಲೆಯಲ್ಲಿ ಚೆನ್ನಾಗಿಯೇ ಮಾಡುತ್ತಾನಲ್ಲ" ಎಂದು ಶಿಕ್ಷಕರು. ಇಬ್ಬರ ಮಾತೂ ನಿಜ. ಒಂದು ಕಡೆ ಕಲಿತುದನ್ನು ಮತ್ತೊಂದು ಕಡೆಗೆ ತಾನೇ ಹೊತ್ತುಕೊಂಡು ಹೋಗುವ ಶಕ್ತಿ ಈ ಮಕ್ಕಳಲ್ಲಿ ಕಡಿಮೆ. ಜಾಣರಾದ ಉಪಾಧ್ಯಾಯರು ಪಟ್ಟಿ ಬರೆಯುವ ಮುನ್ನವೇ, "ನಿಮ್ಮ ಮನೆಯಲ್ಲಿ ನೀರು ಎಲ್ಲಿಂದ?" ಎಂದು ಕೇಳುವರು, ಶಾಲೆಯಲ್ಲಿಯೂ ವಾರಕ್ಕೆರಡು ದಿನ ಬಕೆಟ್ಟು ಚೊಂಬುಗಳನ್ನು ಇಡುವರು.

ಪಟ್ಟಿಯಾದ ಮೇಲೆ ಎಲ್ಲಿಂದ ಆರಂಭಿಸುವುದು? ಮೊದಲಿನಿಂದ ಎಂದು ಯಾರಾದರೂ ಹೇಳುವರು. ವಿಶೇಷ ಶಿಕ್ಷಕರು ಅನೇಕ ವೇಳೆ ಕೊನೆಯಿಂದ ಆರಂಭಿಸುವರು. ಐದು ಗುಂಡಿಗಳಲ್ಲಿ ಕೊನೆಯದು, ಅದರಲ್ಲಿಯೂ ಕೊನೆಯ ಎಳೆತ. ಮೊದಲಿನಿಂದ ಕಲಿಸಿದರೆ ಮಗು ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಮಿಕ್ಕಿದ್ದನ್ನು ದೊಡ್ಡವರು ಮುಗಿಸುವರು. ಮುಗಿಸಿದ ಸಂತೋಷ ದೊಡ್ಡವರ ಪಾಲಿಗೆ ಹೋಗುವುದು. ಕೊನೆಯಿಂದ ಕಲಿಸಿದರೆ ದಿನದಿನವೂ ಕೆಲಸವನ್ನು ಮುಗಿಸಿದವನು ಆ ಮಗುವೇ. ಎಳೆಯುವುದು ಬಂದ ಮೇಲೆ ತೂರಿಸುವುದು, ಅದಾದ ಮೇಲೆ ನಾಲ್ಕನೆಯ ಗುಂಡಿ, ಆಮೇಲೆ ಮೂರನೆಯದು, ಹೀಗೆ ಹಿಂದು ಹಿಂದಕ್ಕೆ. ನಾವು ಅಂದು ಕಸಿದುಕೊಂಡದ್ದು ಎಷ್ಟು ಸಣ್ಣದು, ಎಷ್ಟು ದೊಡ್ಡದು ಎಂಬುದು ಈಗ ವಾಚಕರಿಗೆ ತಿಳಿದೀತು.

ಆ ಶಾಲೆಯಲ್ಲಿ ಮರದ ಚೌಕಟ್ಟುಗಳಿಗೆ ಬಟ್ಟೆ ಬಿಗಿದು, ದೊಡ್ಡ ಗುಂಡಿ, ಸಣ್ಣ ಗುಂಡಿ, ಕೊಕ್ಕೆ, ಲಾಡಿಗಳನ್ನು ಹೊಲಿದು ಅಭ್ಯಾಸಕ್ಕೆ ಇಟ್ಟಿದ್ದರು. ಈಗ ಊರೂರಿನ ಶಿಶುವಿಹಾರಗಳಲ್ಲಿಯೂ ಕಾಣುವ ಈ ಚೌಕಟ್ಟುಗಳು ಮರಿಯಾ ಮಾಂಟೆಸೊರಿಯವರ ಪದ್ಧತಿಯವು. ಆಕೆ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ತಮ್ಮ ಮೊದಲನೆಯ ಮಕ್ಕಳ ಮನೆಯನ್ನು ತೆರೆದುದನ್ನೂ, 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲಿಯೇ ಕಳೆದುದನ್ನೂ ಬಲ್ಲವರು ಅನೇಕರಿರಬಹುದು. ಅದಕ್ಕೂ ಮೊದಲು ಆಕೆ ಕೆಲಸಮಾಡಿದ್ದು, ಕಲಿಯಲಾರವೆಂದು ಲೋಕವು ಕೈಬಿಟ್ಟಿದ್ದ ಮಕ್ಕಳೊಡನೆ. ಆಕೆಗೆ ದಾರಿ ತೋರಿಸಿದ್ದು ಫ್ರಾನ್ಸಿನ ಇಟಾರ್ ಮತ್ತು ಸೆಗೆನ್ ಎಂಬ ಇಬ್ಬರು ವೈದ್ಯರ ಬರಹಗಳು. ಶ್ರೀಮಂತರು ಇಂದು ಹಣ ತೆತ್ತು ತಮ್ಮ ಮಕ್ಕಳಿಗೆ ಕೊಡಿಸುವ ವಿದ್ಯೆಯ ಬೇರು ಅಲ್ಲಿದೆ.

ಈಗ ಸಹಾಯದ ಅಳತೆ. ಎಲ್ಲಕ್ಕಿಂತ ಹೆಚ್ಚಿನ ಸಹಾಯವೆಂದರೆ ಮಗುವಿನ ಕೈಯ ಮೇಲೆ ನಮ್ಮ ಕೈಯಿಟ್ಟು ಮಾಡಿಸುವುದು. ಅದಕ್ಕಿಂತ ಕಡಿಮೆಯದು ಮಣಿಕಟ್ಟನ್ನು ಮುಟ್ಟುವುದು. ಅದಕ್ಕೂ ಕಡಿಮೆಯದು ಮೊಣಕೈಯನ್ನು ಸುಮ್ಮನೆ ತಟ್ಟುವುದು. ಆಮೇಲೆ ಬೆರಳು ತೋರಿಸುವುದು, ಆಮೇಲೆ ನೋಟ. ಉಪಾಧ್ಯಾಯಿನಿಯವರು ಮಗುವಿನ ಎದುರಿಗಲ್ಲ, ಹಿಂದೆ ನಿಂತು ಕೈ ಹಿಡಿಯುತ್ತಿದ್ದುದನ್ನು ನಾವು ಗಮನಿಸಿದೆವು. ಎದುರಿಗೆ ನಿಂತರೆ ಮಗುವಿನ ಕಣ್ಣು ಗುಂಡಿಯನ್ನು ಬಿಟ್ಟು ಅವರ ಮುಖವನ್ನು ನೋಡುತ್ತದೆ ಎಂದರು. ಬಾಯಿಮಾತಿನ ಸಹಾಯ ಬಹಳ ಹಗುರವೆಂದು ನಾವು ತಿಳಿದಿದ್ದೆವು. ಅವರು ಹೇಳಿದ್ದು ಬೇರೆ: ಮುಟ್ಟಿದ ಕೈಯನ್ನು ತೆಗೆಯುವುದು ಸುಲಭ, ಆಡುವ ಮಾತನ್ನು ನಿಲ್ಲಿಸುವುದು ಕಷ್ಟ. 'ಸಾಬೂನು ತಗೋ, ಉಜ್ಜು, ಇನ್ನೂ ಉಜ್ಜು' ಎಂದು ಹೇಳುತ್ತ ಹೇಳುತ್ತ ಕಲಿಸಿದ ಮಗು, ಹೇಳುವವರಿಲ್ಲದ ದಿನ ನಲ್ಲಿಯ ಮುಂದೆ ನಿಂತೇ ಇರುವುದು.

ಹೇಳಿದ ಮೇಲೆ ಕಾಯಬೇಕು. ಒಂದು ಸಲ ಹೇಳಿ, ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಮಾತ್ರ ಮುಂದಿನ ಸಹಾಯಕ್ಕೆ ಕೈ ಹಾಕಬೇಕು. ಐದು ಎಣಿಸುವುದೇನು ಮಹಾ ಎನ್ನಬಹುದು. ಮನೆಯಲ್ಲಿ ಪ್ರಯತ್ನಿಸಿ ನೋಡಿ. ನಾವು ಪ್ರಯತ್ನಿಸಿದೆವು; ಮೂರಕ್ಕೇ ನಮ್ಮ ಬಾಯಿ ತೆರೆಯಿತು.

ಬರವಣಿಗೆಯಲ್ಲಿಯೂ ಇದೇ ನಿಯಮ. ಹಿಂದೆ ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರಷ್ಟೆ. ಓದು ಬರಹದಲ್ಲಿ ತೊಡಕುಳ್ಳ ಮಕ್ಕಳಿಗೆ ಇಂದಿನ ಶಿಕ್ಷಕರು ಮತ್ತೆ ಮರಳಿನ ತಟ್ಟೆಯನ್ನು ತಂದಿರುವರು. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿತರೆ ಅಕ್ಷರ ನಿಲ್ಲುವುದು ಎಂಬುದು ಅವರ ಅನುಭವ. ನಮ್ಮ ಲಿಪಿಯಲ್ಲಿ ಮ, ಯ, ವಗಳೂ, ಪ, ಷ, ಫಗಳೂ, ದ, ಧ, ಥಗಳೂ ಅಣ್ಣತಮ್ಮಂದಿರ ಹಾಗೆ ಇರುವುದರಿಂದ ಅವನ್ನು ಒಂದೇ ವಾರದಲ್ಲಿ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಮತ್ತೊಂದನ್ನು ತರುವುದು ವಿವೇಕ. ಇರಲಿ, ನಾವು ಹೇಳಹೊರಟದ್ದು ಚುಕ್ಕಿಗಳ ವಿಷಯ. ಉಪಾಧ್ಯಾಯರು ಚುಕ್ಕಿಗಳಲ್ಲಿ ಮಗುವಿನ ಹೆಸರನ್ನು ಬರೆದುಕೊಡುವರು, ಮಗು ಅದರ ಮೇಲೆ ತಿದ್ದುವುದು. ಎರಡು ವರ್ಷಗಳಿಂದ ತನ್ನ ಹೆಸರನ್ನು ಅಂದವಾಗಿ ತಿದ್ದುತ್ತ, ಖಾಲಿ ಕಾಗದ ಕೊಟ್ಟರೆ ಒಂದು ಗೆರೆಯನ್ನೂ ಎಳೆಯದ ಒಂದು ಹುಡುಗಿಯನ್ನು ನಾವು ಕಂಡೆವು. ಚುಕ್ಕಿಗಳು ಎರಡು ವರ್ಷವೂ ಅಷ್ಟೇ ಇದ್ದವು! ಹೊಸದಾಗಿ ಬಂದ ಶಿಕ್ಷಕರು ಕೊನೆಯ ಅಕ್ಷರದ ಕೊನೆಯ ನಾಲ್ಕು ಚುಕ್ಕಿಗಳನ್ನು ಬಿಟ್ಟರು. ಎರಡು ದಿನದ ಮೇಲೆ ಇನ್ನೂ ನಾಲ್ಕು. ಈಗ ಕೊನೆಯ ಅಕ್ಷರ ಪೂರ್ತಿ ಅವಳದೇ ಆಗಿದೆ. ಅದು ತುಸು ಸೊಟ್ಟಗಿರುವುದು.

ಈ ಕಡಿಮೆಮಾಡುವ ಕೆಲಸವನ್ನು ನೆನಪಿನ ಮೇಲೆ ನಡೆಸಲಾಗದು. ಗೋಡೆಗೆ ಒಂದು ಹಾಳೆ, ಹೆಜ್ಜೆಗೊಂದು ಸಾಲು, ದಿನಕ್ಕೊಂದು ಮನೆ. ತಾನೇ ಮಾಡಿದರೆ ಒಂದು ಗುರುತು, ತಟ್ಟಿದ ಮೇಲೆ ಮಾಡಿದರೆ ಇನ್ನೊಂದು, ಕೈಹಿಡಿದು ಮಾಡಿಸಿದರೆ ಮತ್ತೊಂದು. ನಾಲ್ಕು ದಿನ ಗುರುತು ಬದಲಾಗದಿದ್ದರೆ ಮಗುವನ್ನು ಬೈಯುವುದಲ್ಲ, ಹೆಜ್ಜೆಯನ್ನು ಇನ್ನೂ ಚಿಕ್ಕದಾಗಿ ಒಡೆಯುವುದು. "ಈ ಹಾಳೆ ಮಕ್ಕಳ ಪರೀಕ್ಷೆಯಲ್ಲ, ನನ್ನ ಪರೀಕ್ಷೆ" ಎಂದು ಉಪಾಧ್ಯಾಯಿನಿಯವರು ನಕ್ಕರು.

ಮಾತಿನ ವಿಷಯದಲ್ಲಿ ಮನೆಯವರು ತಿಳಿಯಬೇಕಾದ ಒಂದು ಸಂಗತಿ ಇದೆ. ನಮ್ಮ ಮನೆಗಳಲ್ಲಿ ಮುದ್ದಿನ ಮಾತು ಬಹಳ. "ಬಾರೋ ನನ್ನ ರಾಜ, ಬಚ್ಚಲಿಗೆ ಹೋಗಿ ಕೈ ತೊಳ್ಕೊಂಡು ಬಾಪ್ಪ, ಇಲ್ಲದಿದ್ದರೆ ಅಜ್ಜಿ ಬೈತಾಳೆ." ಈ ಹನ್ನೊಂದು ಮಾತುಗಳಲ್ಲಿ ಮಗುವಿಗೆ ಬೇಕಾದದ್ದು ಎರಡು. ಮಾತು ತಡವಾಗಿ ಅರ್ಥವಾಗುವ ಮಗು ಆ ಎರಡನ್ನು ಮಿಕ್ಕ ಒಂಬತ್ತರಿಂದ ಹೆಕ್ಕಿ ತೆಗೆಯಲು ಹೆಣಗುವುದು. 'ಕೈ ತೊಳಿ' ಎಂದು ಒಂದೇ ಸಮನಾಗಿ ಎಲ್ಲರೂ ಹೇಳಲಿ, ಮುದ್ದು ಆಮೇಲೆ ಇರಲಿ. ಇನ್ನು ನಮ್ಮ ನಾಡಿನಲ್ಲಿ ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಗಿರುವ ಮಕ್ಕಳು ಎಷ್ಟೋ ಮಂದಿ. ಅಂತಹ ಮಗುವಿಗೆ ಕಲಿಸುವ ಹತ್ತು ಹದಿನೈದು ಆದೇಶದ ಮಾತುಗಳನ್ನು ಶಾಲೆಯವರೂ ಮನೆಯವರೂ ಒಟ್ಟಿಗೆ ಕುಳಿತು ಗೊತ್ತುಮಾಡಿಕೊಳ್ಳುವುದು ಮೇಲು. ಆ ಮಾತುಗಳ ಮಟ್ಟಿಗೆ ಉಪಾಧ್ಯಾಯರು ಮನೆಮಾತನ್ನು ಕಲಿತರೆ ಅವರ ಗೌರವಕ್ಕೆ ಕುಂದೇನೂ ಬಾರದು.

ಮಾತಿಗಿಂತ ಚಿತ್ರವು ಕೆಲವು ಮಕ್ಕಳಿಗೆ ಹೆಚ್ಚು ಆಧಾರ. ಆಟಿಸಂ ಎಂಬ ಸ್ಥಿತಿಯಲ್ಲಿರುವ ಮಕ್ಕಳಲ್ಲಿ ಅನೇಕರು ಹೀಗೆ. ಅಮೆರಿಕದ ಉತ್ತರ ಕೆರೊಲಿನ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಅವರ ನೇತೃತ್ವದಲ್ಲಿ 1972ರಲ್ಲಿ ಆರಂಭವಾದ ಕಾರ್ಯಕ್ರಮವೊಂದು ಈ ದಾರಿಯನ್ನು ವಿಸ್ತಾರವಾಗಿ ಬೆಳೆಸಿತು. ಬೆಳಗಿನಿಂದ ಸಂಜೆಯವರೆಗಿನ ಕೆಲಸಗಳ ಚಿತ್ರಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಅಂಟಿಸಿಡುವರು. ಒಂದು ಮುಗಿದೊಡನೆ ಮಗುವೇ ಆ ಚಿತ್ರವನ್ನು ಕಿತ್ತು ಕೆಳಗಿನ ಚೀಲಕ್ಕೆ ಹಾಕುವುದು. 'ಮುಗಿಯಿತು' ಎಂಬುದು ಕಣ್ಣಿಗೆ ಕಾಣುವುದು. ಮುಂದೇನು ಎಂಬ ಭಯವಿಲ್ಲ. ಹಬ್ಬಕ್ಕೆ ಅಜ್ಜನ ಮನೆಗೆ ಹೋಗುವ ದಿನ, ಮದುವೆಯ ಮನೆಗೆ ಹೋಗುವ ದಿನ, ಈ ಮಕ್ಕಳು ಕಾರಣವಿಲ್ಲದೆ ರಂಪಮಾಡುವುವೆಂದು ನೆಂಟರು ಹೇಳುವುದುಂಟು. ಕಾರಣವಿಲ್ಲದೆ ಏನು? ದಿನದ ಸಾಲೆಲ್ಲ ಅಳಿಸಿಹೋಗಿ, ಓಲಗದ ಸದ್ದಿನ ನಡುವೆ ನಿಂತ ಮಗುವಿಗೆ ಬೇರೆ ಯಾವ ಭಾಷೆ ಇದೆ? ಹಿಂದಿನ ದಿನವೇ ನಾಲ್ಕು ಚಿತ್ರಗಳನ್ನು ತೋರಿಸಿಡಿ: ಬಸ್ಸು, ಅಜ್ಜನ ಮನೆ, ಊಟ, ಮತ್ತೆ ನಮ್ಮ ಮನೆ. ಕೊನೆಯ ಚಿತ್ರವನ್ನು ಮಾತ್ರ ಮರೆಯಬಾರದು.

ರಂಪದ ವಿಷಯ ಬಂದುದರಿಂದ ಅದನ್ನು ಇನ್ನಷ್ಟು ವಿಸ್ತರಿಸುವೆವು. ತರಗತಿಯಲ್ಲಿ ಉಪಾಧ್ಯಾಯರನ್ನೂ ಮನೆಯಲ್ಲಿ ತಾಯಂದಿರನ್ನೂ ಹೆಚ್ಚು ದಣಿಸುವುದು ಇದೇ. ಲೆಕ್ಕದ ಹಾಳೆ ಕೊಟ್ಟೊಡನೆ ಹರಿದೆಸೆದು ಕಿರುಚುವ ಒಂದು ಹುಡುಗಿ ಆ ಶಾಲೆಯಲ್ಲಿದ್ದಳು. ಮೊದಲು ಓದುತ್ತಿದ್ದ ಕಡೆ, ಹಾಗೆ ಮಾಡಿದಾಗಲೆಲ್ಲ ಅವಳನ್ನು ಶಿಕ್ಷೆಯೆಂದು ಹೊರಗೆ ನಿಲ್ಲಿಸುತ್ತಿದ್ದರಂತೆ. ಹರಿಯುವುದು ದಿನದಿನಕ್ಕೆ ಹೆಚ್ಚಿತು. ಇಲ್ಲಿ ಉಪಾಧ್ಯಾಯಿನಿಯವರು ಒಂದು ಪುಸ್ತಕದಲ್ಲಿ ಮೂರು ಕಲಮುಗಳನ್ನು ಹಾಕಿದರು: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಮಗುವಿಗೆ ಏನು ದೊರೆಯಿತು. ಒಂದು ವಾರ ಸುಮ್ಮನೆ ಬರೆದರು. ಪುಸ್ತಕವೇ ಉತ್ತರ ಹೇಳಿತು. ಕಷ್ಟದ ಹಾಳೆ ಬರುವುದು, ಹರಿಯುವಳು, ಹಾಳೆ ಹೋಗುವುದು. ಹೊರಗೆ ನಿಲ್ಲಿಸುವುದು ನಮ್ಮ ದೃಷ್ಟಿಯಲ್ಲಿ ಶಿಕ್ಷೆ, ಅವಳ ದೃಷ್ಟಿಯಲ್ಲಿ ಬಿಡುಗಡೆ.

ಉಪಾಯವೇನೆಂದರೆ, ಅದೇ ಬಿಡುಗಡೆಯನ್ನು ಒಳ್ಳೆಯ ರೀತಿಯಲ್ಲಿ ಕೇಳಲು ಕಲಿಸುವುದು. ಕಾರ್ ಮತ್ತು ಡ್ಯುರಾಂಡ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಲೇಖನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು: ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲು ರಂಪಮಾಡುವ ಮಗುವಿಗೆ ಸಹಾಯ ಕೇಳುವ ಮಾತನ್ನು ಕಲಿಸಿದರೆ ರಂಪ ಇಳಿಯುವುದು. ಈ ಹುಡುಗಿಗೆ ಮಾತು ಕಡಿಮೆಯಾದುದರಿಂದ ಕೈಯ ಚಿತ್ರವಿರುವ ಒಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಹಾಳೆ ಕೊಟ್ಟೊಡನೆ, ಅವಳು ಹರಿಯುವ ಮೊದಲೇ, ಅವಳ ಕೈಹಿಡಿದು ಚೀಟಿಯನ್ನು ಎತ್ತಿಸಿ, ಆ ಕ್ಷಣದಲ್ಲಿಯೇ ಸಹಾಯಕ್ಕೆ ಬಂದರು. ಹತ್ತು ಲೆಕ್ಕದ ಹಾಳೆಯನ್ನು ಮೂರಕ್ಕೆ ಇಳಿಸಿದರು. ಚೀಟಿ ಎತ್ತಿದಾಗಲೆಲ್ಲ ಮೊದಮೊದಲು ಒಂದು ಸಲವೂ ತಪ್ಪದಂತೆ ಬರಬೇಕು. 'ಈಗ ತಾನೆ ಬಂದಿದ್ದೆನಲ್ಲ' ಎನ್ನಕೂಡದು. ನಂಬಿಕೆ ಹುಟ್ಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕಾಯಿಸಬಹುದು.

ಇದಕ್ಕೆ ಅಡ್ಡ ಬರುವುದು ನಾಲ್ಕನೆಯ ದಿನ. ಕಿರುಚಿದರೆ ದೊರೆಯುತ್ತಿದ್ದುದು ಈಗ ದೊರೆಯದೆಂದು ಕಂಡಾಗ ಮಗು ಮೊದಲಿಗಿಂತ ಜೋರಾಗಿ ಕಿರುಚುವುದು. ಆರುವ ದೀಪ ಹೆಚ್ಚಾಗಿ ಉರಿಯುವಂತೆ ಇದೂ ಒಂದು. ಆ ದಿನ ಮನೆಯಲ್ಲಿ ಅಜ್ಜಿಯ ಕರುಳು ಚುರುಕ್ಕೆನ್ನುವುದು, ಬಿಸ್ಕತ್ತೋ ಮೊಬೈಲೋ ಮಗುವಿನ ಕೈಗೆ ಬರುವುದು. ಮಗು ಕಲಿತದ್ದೇನು? ಮೂರು ದಿನದ ಕಿರುಚಾಟ ಸಾಲದು, ನಾಲ್ಕು ದಿನ ಬೇಕು ಎಂಬುದನ್ನು. ಅಜ್ಜಿಯನ್ನು ನಾವು ದೂರುವುದಿಲ್ಲ. ಮುಂಚೆಯೇ ಅವರನ್ನು ಕೂರಿಸಿಕೊಂಡು 'ನಾಲ್ಕನೆಯ ದಿನ ಹೀಗಾಗುವುದು, ಆಗ ನೀವು ಈ ಚೀಟಿಯನ್ನು ತೋರಿಸಿ' ಎಂದು ಯಾರೂ ಹೇಳಿರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಇಲ್ಲದ ರಂಪ ಹಠಾತ್ತಾಗಿ ಹುಟ್ಟಿದರೆ ಪುಸ್ತಕ ಪೆನ್ಸಿಲುಗಳನ್ನು ಬದಿಗಿಟ್ಟು ಮೊದಲು ಹಲ್ಲು, ಕಿವಿ, ಹೊಟ್ಟೆಗಳನ್ನು ವೈದ್ಯರಿಗೆ ತೋರಿಸಬೇಕು. ನೋವನ್ನು ಹೇಳಲಾರದ ಮಗು ನೋವನ್ನು ಎಸೆಯುವುದು. ಹೊಡೆಯುವ ಮಾತಂತೂ ಬೇಡ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಅದನ್ನು ಶಾಲೆಗಳಲ್ಲಿ ನಿಷೇಧಿಸಿದೆ, ನಿಷೇಧಿಸದಿದ್ದರೂ ಅದರಿಂದ ಈ ಮಕ್ಕಳಿಗೆ ಒಂದು ಗುಂಡಿಯೂ ಬರುತ್ತಿರಲಿಲ್ಲ.

ಕರುಳಿನ ವಿಷಯವನ್ನು ಬರೆಯುವಾಗ ಅಮೆರಿಕದ ಒಂದು ಮನೆಯ ಕಥೆ ನೆನಪಾಗುವುದು. ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲ್ಲರ್ ಎಂಬ ಬಾಲೆಗೆ ಆರು ವರ್ಷ ವಯಸ್ಸಾಗಿದ್ದಾಗ, 1887ರ ಮಾರ್ಚಿಯಲ್ಲಿ, ಆನಿ ಸಲಿವನ್ ಎಂಬ ಇಪ್ಪತ್ತು ವರ್ಷದ ಯುವತಿ ಉಪಾಧ್ಯಾಯಿನಿಯಾಗಿ ಬಂದಳು. ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಸುರಿಯುತ್ತಿರಲು ಇನ್ನೊಂದು ಕೈಯಲ್ಲಿ ಬೆರಳಿನಿಂದ 'ನೀರು' ಎಂಬ ಮಾತನ್ನು ಬರೆದು ಅರ್ಥಮಾಡಿಸಿದ ಪ್ರಸಂಗವನ್ನು ಶಾಲೆಯ ಮಕ್ಕಳೂ ಬಲ್ಲರು. ಅದು ಏಪ್ರಿಲಿನದು. ಅದಕ್ಕೆ ಮುಂಚಿನ ಊಟದ ಮೇಜಿನ ಪ್ರಸಂಗವನ್ನು ಬಲ್ಲವರು ಕಡಿಮೆ. ಹೆಲೆನ್ ಊಟದ ಹೊತ್ತಿನಲ್ಲಿ ಮೇಜನ್ನು ಸುತ್ತುತ್ತ ಎಲ್ಲರ ತಟ್ಟೆಗೂ ಕೈ ಹಾಕಿ ಬೇಕಾದುದನ್ನು ತಿನ್ನುವಳು; ಮನೆಯವರು, ಅಯ್ಯೋ ಪಾಪ, ಎಂದು ಸುಮ್ಮನಿರುವರು. ಸಲಿವನ್ ತನ್ನ ತಟ್ಟೆಗೆ ಕೈ ಹಾಕಲು ಬಿಡಲಿಲ್ಲ. ಮನೆಯವರು ನೋಡಲಾರದೆ ಎದ್ದುಹೋದರು. ಬಾಗಿಲಿಗೆ ಬೀಗ ಹಾಕಿ, ಒದೆತ ಚಿವುಟುಗಳನ್ನು ಸಹಿಸಿ, ಚಮಚವನ್ನು ಮತ್ತೆ ಮತ್ತೆ ಕೈಗೆ ಕೊಟ್ಟು, ಆ ಮಗು ತನ್ನ ತಟ್ಟೆಯಿಂದ ತಾನೇ ತಿನ್ನುವಂತೆ ಮಾಡಿದಳು. ಆಮೇಲೆ ಕೈವಸ್ತ್ರವನ್ನು ಮಡಿಸಲು ಇನ್ನೂ ಒಂದು ಗಂಟೆ ಹಿಡಿಯಿತು. ಬೀಗ ಹಾಕಿದ ಬಾಗಿಲನ್ನೂ ಬಲವಂತವನ್ನೂ ಇಂದಿನ ಶಿಕ್ಷಕರು ಒಪ್ಪರು; ನಾವೂ ಒಪ್ಪುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದದ್ದು ಆಮೇಲೆ ಅವಳು ಮಾಡಿದ ಕೆಲಸ. ತಂದೆತಾಯಿಗಳ ಕನಿಕರದ ನಡುವೆ ಕಲಿಸಲಾರೆನೆಂದು ಕಂಡು, ಕಾಲು ಮೈಲಿ ದೂರದ ತೋಟದ ಮನೆಗೆ ಮಗುವನ್ನು ಕೆಲವು ದಿನ ಕರೆದೊಯ್ಯಲು ಅಪ್ಪಣೆ ಬೇಡಿದಳು. ಅಂದರೆ ಹೆಲೆನ್ ಕೆಲ್ಲರಳಂತಹ ಬುದ್ಧಿಶಾಲಿನಿಗೂ ಮೊದಲ ಅಡಚಣೆ ಕುರುಡಲ್ಲ, ಕಿವುಡಲ್ಲ, ಮನೆಯ ಕನಿಕರ. ನಮ್ಮ ಕಾಲದಲ್ಲಿ ತೋಟದ ಮನೆ ಬೇಕಿಲ್ಲ. ತಾಯಿ ತಂದೆಗಳೇ ಉಪಾಯವನ್ನು ಕಲಿತರೆ ಸಾಕು.

ಹೀಗೆಂದು, ಎಲ್ಲವನ್ನೂ ಮಗು ತಾನೇ ಮಾಡಬೇಕೆಂಬ ಹಟವೂ ಸಲ್ಲದು. ಗುಂಡಿಯೇ ಪುರುಷಾರ್ಥವಲ್ಲ. ಬೆರಳುಗಳ ಸ್ನಾಯು ಬಿಗಿದಿರುವ ಮಗುವಿಗೆ ಗುಂಡಿಯ ಬದಲು ಒತ್ತಿದರೆ ಅಂಟುವ ವೆಲ್ಕ್ರೊ ಪಟ್ಟಿಯನ್ನು ದರ್ಜಿಯಿಂದ ಹೊಲಿಸಿಕೊಡುವುದು ಮೂರು ವರ್ಷದ ಪಾಠಕ್ಕಿಂತ ಮೇಲು. ಯಾವುದನ್ನು ಕಲಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಒಂದು ಪ್ರಶ್ನೆ ದಾರಿ ತೋರುವುದು: ಇದನ್ನು ಈ ಮಗು ಮಾಡದಿದ್ದರೆ ಬೇರೊಬ್ಬರು ಅದಕ್ಕಾಗಿ ಜೀವಮಾನವೆಲ್ಲ ಮಾಡಬೇಕೆ? ಶೌಚ, ಸ್ನಾನ, ಊಟ, ಬಟ್ಟೆ, ಬೇಕು ಬೇಡ ಎಂದು ತಿಳಿಸುವುದು, ಮುಟ್ಟಬಾರದ ಕಡೆ ಯಾರಾದರೂ ಮುಟ್ಟಿದರೆ ಕೂಗುವುದು, ಇವು ಮೊದಲು. ಬಣ್ಣಗಳ ಹೆಸರು, ನೂರರವರೆಗೆ ಎಣಿಕೆ, ಇವು ಆಮೇಲೆ. ನೆಂಟರ ಮುಂದೆ ಹೇಳಿಸಲು ಇವು ಚೆನ್ನ. ಆದುದರಿಂದ ಮನೆಯವರು ಇವನ್ನೇ ಮೊದಲು ಕೇಳುವರು.

ಸಾಮಾನ್ಯ ಶಾಲೆಯಲ್ಲಿ ನಲವತ್ತು ಮಕ್ಕಳ ನಡುವೆ ಇಂತಹ ಒಂದು ಮಗುವಿದ್ದರೆ ಒಬ್ಬರೇ ಶಿಕ್ಷಕರು ಇಷ್ಟನ್ನೆಲ್ಲ ಮಾಡಲಾಗುವುದೆ ಎಂದು ಕೇಳಬಹುದು. ಇಷ್ಟೆಲ್ಲವೂ ಆಗದು. ಮೊದಲ ಸಾಲಿನಲ್ಲಿ ಸ್ಥಳ, ಪಕ್ಕದಲ್ಲಿ ಸಮಾಧಾನಿಯಾದ ಒಬ್ಬ ಜೊತೆಗಾರ, ಹತ್ತರ ಬದಲು ಮೂರು ಲೆಕ್ಕ, ಒಂದು ಸಲ ಹೇಳಿ ಐದು ಎಣಿಸುವುದು, ಇಷ್ಟು ಆದೀತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿ, ನ್ಯೂನತೆಯ ಪ್ರಮಾಣ ನೂರಕ್ಕೆ ನಲವತ್ತು ಅಥವಾ ಹೆಚ್ಚಾಗಿರುವ ಮಕ್ಕಳಿಗೆ ಆರರಿಂದ ಹದಿನೆಂಟು ವಯಸ್ಸಿನವರೆಗೆ, ನೆರೆಯ ಶಾಲೆಯಲ್ಲಿಯೋ ತಾವು ಆರಿಸಿದ ವಿಶೇಷ ಶಾಲೆಯಲ್ಲಿಯೋ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. 'ಈ ಮಗು ನಮ್ಮಲ್ಲಿ ಬೇಡ' ಎಂದು ಹೇಳಿಸಿಕೊಂಡು ತಲೆತಗ್ಗಿಸಿ ಬರುವ ತಂದೆಗೆ ಇದು ತಿಳಿದಿರಲಿ. ಮಾತು ಶ್ರವಣಗಳ ಪರೀಕ್ಷೆಗೆ 1965ರಲ್ಲಿ ಆರಂಭವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆ; ಮಗು ಎರಡು ವರ್ಷವಾದರೂ ಮಾತಾಡದಿದ್ದರೆ, 'ಅವನಪ್ಪನೂ ತಡವಾಗಿಯೇ ಮಾತಾಡಿದ್ದ' ಎಂದು ಕಾಯುತ್ತ ಕೂರದೆ ತೋರಿಸುವುದು ಒಳ್ಳೆಯದು.

ಆ ಹುಡುಗನ ತಾಯಿಯೊಡನೆಯೂ ಅಂದು ಎರಡು ಮಾತಾಡಿದೆವು. ಮನೆಯಲ್ಲಿ ಗುಂಡಿ ಹಾಕಿಸುತ್ತೀರಾ ಎಂದು ಕೇಳಿದ್ದಕ್ಕೆ, "ಬೆಳಿಗ್ಗೆ ಎಂಟಕ್ಕೆ ಆಟೋ ಬರುತ್ತೆ. ನನಗೂ ಕೆಲಸಕ್ಕೆ ಹೋಗಬೇಕು. ಅವನು ಹಾಕುವವರೆಗೆ ಕಾದರೆ ಆಯಿತು!" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನಿರುವವರೆಗೆ ಹಾಕುತ್ತೇನೆ. ಆಮೇಲೆ ಯಾರು ಹಾಕುತ್ತಾರೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ" ಎಂದರು. ಉಪಾಧ್ಯಾಯಿನಿಯವರು ಅದಕ್ಕೆ ಸಮಾಧಾನದ ಮಾತೇನನ್ನೂ ಆಡಲಿಲ್ಲ. ಬೆಳಿಗ್ಗೆ ನೀವೇ ಹಾಕಿಬಿಡಿ, ಅಮ್ಮ; ಸಂಜೆ ಸ್ನಾನವಾದ ಮೇಲೆ ಇನ್ನೊಂದು ಅಂಗಿ ಕೊಡಿ, ಅದರ ಕೊನೆಯ ಗುಂಡಿ ಮಾತ್ರ ಅವನಿಗಿರಲಿ, ಅವಸರದಲ್ಲಿ ಯಾರಿಗೂ ಏನನ್ನೂ ಕಲಿಸಲಾಗದು, ಎಂದರು. ಹಾಳೆಯೊಂದರ ಮೇಲೆ ಗೆರೆ ಹಾಕಿ ಕೊಟ್ಟು, ರಜೆಯಲ್ಲಿ ಗುರುತು ಮಾಡಿ ತರಲು ಹೇಳಿದರು.

ರಜೆ ಕಳೆದ ಮೇಲೆ, ಹೋದ ತಿಂಗಳು, ಮತ್ತೊಮ್ಮೆ ಅಲ್ಲಿಗೆ ಹೋಗಿದ್ದೆವು. ಹಾಳೆ ಬಂದಿತ್ತು, ನಡುವೆ ಹದಿನೈದು ದಿನ ಗುರುತುಗಳೇ ಇರಲಿಲ್ಲ, ಊರಿಗೆ ಹೋಗಿದ್ದರಂತೆ. ಐದನೆಯ ಗುಂಡಿಯನ್ನೂ ನಾಲ್ಕನೆಯದನ್ನೂ ಈಗ ಅವನೇ ಹಾಕುವನು. ಮೂರನೆಯದನ್ನು ಉಪಾಧ್ಯಾಯಿನಿಯವರು ಅರ್ಧ ತೂರಿಸಿ ಬಿಟ್ಟು ಆಚೆಗೆ ತಿರುಗಿದರು. ಹೊರಗೆ ಆಟೋದವನು ಎರಡು ಸಲ ಹಾರನ್ ಮಾಡಿದನು. ನಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆವು.